ಬೇಡ ಎನ್ನಲಾಗದ ಅತಿಥಿ

ದೊಡ್ಡವರನ್ನು ಮನೆಗೆ ಕರೆದು ಉಪಚರಿಸುವುದು ಅತಿಥಿಸತ್ಕಾರವೋ, ಬೇರೆ ಹೆಸರಿನ ಕಂದಾಯವೋ? ನನ್ನ ಮಟ್ಟಿಗೆ ಅದು ಕಂದಾಯವೇ. ಸಲ್ಲುವುದು ಕರೆದವನ ಕೈಯಿಂದ, ಆದರೆ ಗಂಟು ಬಹುಪಾಲು ಅವನದಲ್ಲ.

ಏಳನೇ ಎಡ್ವರ್ಡ್ ಆಳಿದ 1901ರಿಂದ 1910ರ ಕಾಲದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ದೊರೆಯನ್ನು ತಮ್ಮ ಹಳ್ಳಿಯ ಬಂಗಲೆಗೆ ಕರೆಸಿಕೊಳ್ಳುವುದೇ ದೊಡ್ಡಸ್ತಿಕೆ. ಜೊತೆಗೆ ಯಾರು ಬರಬೇಕೆಂಬ ಪಟ್ಟಿಗೂ ಅವನ ಒಪ್ಪಿಗೆ ಬೇಕು. ಅವನ ಸ್ಯಾಂಡ್ರಿಂಗ್‌ಹ್ಯಾಮ್ ಬಂಗಲೆಯಲ್ಲಂತೂ ಬೇಟೆಗೆ ಹಗಲು ಸಾಲದೆಂದು ಗಡಿಯಾರಗಳನ್ನೇ ಅರ್ಧ ಗಂಟೆ ಮುಂದಿಟ್ಟಿದ್ದರು. 1936ರವರೆಗೂ ಅದು ಹಾಗೇ ಇತ್ತು. ನಗುವ ಮುನ್ನ ನಮ್ಮ ಮದುವೆಗಳನ್ನು ನೆನೆಯಬೇಕು. ಲೀಡರು ಬರುವತನಕ ಇಲ್ಲಿ ಮುಹೂರ್ತವೇ ಕಾಯುತ್ತದೆ.

ಬೀದರ ಸೀಮೆಯ ಕಮಠಾಣದಲ್ಲಿ ಕೂತು ಯೋಚಿಸುವವನಿಗೆ ಇಂಗ್ಲೆಂಡು ದೂರ, ಹೈದರಾಬಾದು ಹತ್ತಿರ. 1948ರವರೆಗೆ ನಾವು ಆ ಸಂಸ್ಥಾನದವರೇ. ಅಲ್ಲಿನ ಸಿರಿವಂತ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ 1884ರಲ್ಲಿ ಗುಡ್ಡದ ಮೇಲೆ ಫಲಕ್‌ನುಮಾ ಅರಮನೆಗೆ ಕೈಹಾಕಿದರು. ಊಟದ ಮೇಜೊಂದೇ 101 ಜನ ಕೂರುವಷ್ಟು ಉದ್ದ. ಕಟ್ಟಿ ಮುಗಿಸುವಷ್ಟರಲ್ಲಿ ಸಾಲ ಕುತ್ತಿಗೆಗೆ ಬಂದಿತ್ತು. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅತಿಥಿಯಾಗಿ ಬಂದರು, ಮೆಚ್ಚಿದರು, ಅರಮನೆಯೇ ಅವರಿಗೆ ನಜರಾಯಿತು. ಬದಲಿಗೆ ದೊರೆ ಹಣ ಕೊಟ್ಟರೆಂದೂ ಹೇಳುತ್ತಾರೆ. ಕೊಟ್ಟಿರಬಹುದು; ಮಾರುವ ಮನಸ್ಸಿಲ್ಲ ಎನ್ನುವ ಬಾಯಿ ಮಾತ್ರ ಆತಿಥೇಯನಿಗೆ ಇರಲಿಲ್ಲ.

ಇಷ್ಟಕ್ಕೂ ಆ ಮೇಜಿನ ಹಿಂದಿದ್ದ ದುಡ್ಡು ಎಲ್ಲಿಯದು? ಪಡೆ ಸಾಕಲೆಂದು ನಿಜಾಮರು ಪೈಗಾದವರಿಗೆ ಜಾಗೀರು ಕೊಟ್ಟಿದ್ದರು. ನಮ್ಮ ಬೀದರ ಸೀಮೆಯಲ್ಲೂ ಅವರ ಹಳ್ಳಿಗಳಿದ್ದವು, ಚಿಟಗುಪ್ಪ ಅದರಲ್ಲೊಂದು. ಜೋಳ, ತೊಗರಿ ಬೆಳೆದವನ ಕಂದಾಯ ಎತ್ತಲಿಂದ ಎತ್ತಲೋ ಹೋಗಿ ಝೂಮರಿನ ಬೆಳಕಾಗುತ್ತಿತ್ತು. ಊರಿಗೆ ಅಧಿಕಾರಿ ಬಂದರೆ ಕಟ್ಟಿಗೆ, ಹುಲ್ಲು, ಕೋಳಿ, ಮೈಮುರಿಯುವ ಬಿಟ್ಟಿ ಚಾಕರಿ ಬೇರೆ.

ಇಂಥ ಚಾಕರಿ ನಮ್ಮ ಸೀಮೆಯಲ್ಲಷ್ಟೇ ಅಲ್ಲ. 1906ರಲ್ಲಿ ಎಡ್ವರ್ಡನ ಮಗ, ಮುಂದೆ ಐದನೇ ಜಾರ್ಜ್ ಆದ ಯುವರಾಜ, ಮೈಸೂರು ಸೀಮೆಗೆ ಬಂದಾಗ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ಏರ್ಪಾಡಾಯಿತು. ಆನೆಗಳ ಜಾಡು ಹಿಡಿದು, ತಮಟೆ ಬಾರಿಸಿ, ಹಿಂಡನ್ನು ಬೇಲಿ ಕಟ್ಟಿದ ದೊಡ್ಡಿಯತ್ತ ಅಟ್ಟುವ ಕೆಲಸ ಕಾಡುಕುರುಬರದು. ಅಟ್ಟಣೆಯ ಮೇಲಿನ ಅತಿಥಿಗೆ ಅದು ನೋಟ, ಕೆಳಗಿದ್ದವರಿಗೆ ಜೀವದ ಪ್ರಶ್ನೆ.

ನನ್ನ ಈ ಕಂದಾಯದ ಮಾತಿಗೊಂದು ಎದುರುತ್ತರವಿದೆ, ಹಗುರವಾದುದಲ್ಲ. ಇಂಥ ಔತಣಗಳಿಂದ ಕಲ್ಲುಕುಟಿಗನಿಗೆ ಕೆಲಸ, ಊರಿಗೆ ರಸ್ತೆ, ಆತಿಥೇಯನಿಗೆ ಪದವಿ ಬರುತ್ತದೆ ಎನ್ನುತ್ತಾರೆ. ವಿಕಾರ್-ಉಲ್-ಉಮ್ರಾ 1893ರಲ್ಲಿ ದಿವಾನರಾದದ್ದು ನಿಜ. ಬ್ಯಾಂಕು ನಡೆಸುವ ಅರ್ನೆಸ್ಟ್ ಕ್ಯಾಸಲ್‌ನಂಥವರು ಎಡ್ವರ್ಡನ ಆಪ್ತರಾದದ್ದೂ ನಿಜ. ಆದರೆ ಲಾಭ ಉಂಡವರು ಬೇರೆ, ಖರ್ಚು ಹೊತ್ತವರು ಬೇರೆ. ಕೆಲಸ ಕೊಡಲೆಂದೇ ಆಗಿದ್ದರೆ ಅದೇ ದುಡ್ಡಲ್ಲಿ ಕೆರೆ ಹೂಳೆತ್ತಿಸಿದರೂ ಆಗುತ್ತಿತ್ತು. ಒಳ್ಳೆಯ ಕೆರೆ ಏನೆಂದು ಕಮಠಾಣದವರಿಗೆ ಹೇಳಿಕೊಡಬೇಕಿಲ್ಲ.

ಅತಿಥಿಯೆಂದರೆ ನಾವೂ ಒಂದು ದಿನ ಅವನ ಮನೆಗೆ ಹೋಗಿ ಉಣ್ಣುವಂತಿರಬೇಕು, ಒಲ್ಲೆನೆನಿಸಿದರೆ ಈ ಸಲ ಬೇಡ ಎನ್ನುವಂತಿರಬೇಕು. ಎರಡೂ ಆಗದ ಕಡೆ ಅತಿಥಿ ಎಂಬ ಮಾತೇಕೆ? ಈಗಲೂ ಮದುವೆಯ ಪೆಂಡಾಲಿನಲ್ಲಿ ಮುಂದಿನ ಸಾಲಿಗೆ ಸೋಫಾ ಬರುತ್ತದೆ, ಶಾಲು, ಹಾರ ತಯಾರಿರುತ್ತವೆ. ಸಾಹೇಬರು ಐದು ನಿಮಿಷ ಕೂತು, ಉಣ್ಣದೆ ಕಾರು ಹತ್ತುತ್ತಾರೆ. ಆ ಸೋಫಾದ ಬಾಡಿಗೆ ತೊಗರಿ ಮಾರಿ ಕಟ್ಟುವವನು ಹುಡುಗಿಯ ಅಪ್ಪ.