ನಟನೆಯಿಂದ ನಿರ್ದೇಶನಕ್ಕೆ: ನಂದಿತಾ ದಾಸ್ ಅವರ ಚಿತ್ರಗಳ ನೆಪದಲ್ಲಿ

ಕನ್ನಡದಲ್ಲಿ ಸಿನಿಮಾ ಕುರಿತ ವಿದ್ವತ್ ಬರವಣಿಗೆ ಬಹುಮಟ್ಟಿಗೆ ಕಾದಂಬರಿಕಾರ ಮತ್ತು ನಿರ್ದೇಶಕ ಎಂಬ ಎರಡು ಹೆಸರುಗಳ ನಡುವೆ ಓಡಾಡುತ್ತದೆ. ಕೃತಿ ಚಿತ್ರವಾದಾಗ ಏನು ಉಳಿಯಿತು, ಏನು ಬದಲಾಯಿತು ಎಂಬ ಹೋಲಿಕೆಯೇ ಅಧ್ಯಯನದ ವಿಧಾನವಾಗಿಬಿಡುತ್ತದೆ. ಈ ವಿಧಾನದಲ್ಲಿ ನಟಿ ಇನ್ನೊಬ್ಬರ ಕಲ್ಪನೆಗೆ ದೇಹ ಕೊಡುವವಳು ಮಾತ್ರ. ಆದ್ದರಿಂದಲೇ ನಟಿಯೊಬ್ಬಳು ನಿರ್ದೇಶನಕ್ಕೆ ತೊಡಗಿದಾಗ ಅದನ್ನು ಪ್ರಸಿದ್ಧಿಯ ಮುಂದುವರಿಕೆ ಎಂದೋ, ನಟನೆಯೆಂಬ ಕೆಳಮೆಟ್ಟಿಲಿನಿಂದ ಚಿಂತನೆಯೆಂಬ ಮೇಲ್ಮೆಟ್ಟಿಲಿಗೆ ದೊರೆತ ಬಡ್ತಿ ಎಂದೋ ವಿವರಿಸಲಾಗುತ್ತದೆ. ಈ ಎರಡೂ ವಿವರಣೆಗಳು ನಟನೆಯನ್ನು ಅರಿವಿನ ಒಂದು ಬಗೆ ಎಂದು ಒಪ್ಪಿಕೊಳ್ಳುವುದಿಲ್ಲ. ನಂದಿತಾ ದಾಸ್ ಅವರ ಚಿತ್ರಗಳು ಈ ನಿಲುವಿನ ಮರುಪರಿಶೀಲನೆಯನ್ನು ಒತ್ತಾಯಿಸುತ್ತವೆ.

ಕನ್ನಡಕ್ಕೆ ಅವರು ಅಪರಿಚಿತರಲ್ಲ. ಪಿ. ಲಂಕೇಶರ 'ಅಕ್ಕ' ಕಿರುಕಾದಂಬರಿಯನ್ನು ಆಧರಿಸಿ ಕವಿತಾ ಲಂಕೇಶ್ ನಿರ್ದೇಶಿಸಿದ 'ದೇವೀರಿ' (1999) ಚಿತ್ರದ ದೇವೀರಿ ಅವರೇ. ತಮ್ಮ ಕ್ಯಾತನ ಕಣ್ಣಿನಿಂದ ಕಾಣುವ ಕೊಳೆಗೇರಿಯ ಅಕ್ಕನ ಪಾತ್ರವದು. ಲೇಖಕರ ಗದ್ಯ, ನಿರ್ದೇಶಕಿಯ ದೃಷ್ಟಿ, ಇವೆರಡರ ಜೊತೆಗೆ ಕನ್ನಡವಲ್ಲದ ಬೇರೆ ಭಾಷಿಕ ಪರಿಸರದಿಂದ ಬಂದ ನಟಿಯೊಬ್ಬರು ಆ ಪಾತ್ರವನ್ನು ಓದಿಕೊಂಡ ಕ್ರಮವೂ ಅಲ್ಲಿದೆ. ಈ ಮೂರನೆಯ ಓದನ್ನು ಗುರುತಿಸುವ ಪರಿಭಾಷೆಯನ್ನು ಕನ್ನಡ ವಿಮರ್ಶೆ ಇನ್ನೂ ಸಾಕಷ್ಟು ರೂಪಿಸಿಕೊಂಡಿಲ್ಲ.

ನಿರ್ದೇಶನಕ್ಕೆ ಮುನ್ನ ನಂದಿತಾ ದಾಸ್ ಪಡೆದ ಅನುಭವವು ಕೇವಲ ವೃತ್ತಿಯ ತರಬೇತಿಯಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, 'ಜನ ನಾಟ್ಯ ಮಂಚ್' ತಂಡದ ಬೀದಿನಾಟಕಗಳ ಒಡನಾಟ ಅವರ ಹಿನ್ನೆಲೆಯಲ್ಲಿವೆ. ದೀಪಾ ಮೆಹ್ತಾ ನಿರ್ದೇಶನದ, ಅವರು ನಟಿಸಿದ 'ಫೈರ್' (1996) ಚಿತ್ರವು 1998ರಲ್ಲಿ ಭಾರತದಲ್ಲಿ ಬಿಡುಗಡೆಯಾದಾಗ ಚಿತ್ರಮಂದಿರಗಳ ಮೇಲೆ ದಾಳಿಗಳಾದವು. 2000ದಲ್ಲಿ 'ವಾಟರ್' ಚಿತ್ರದ ವಿಧವೆಯ ಪಾತ್ರಕ್ಕಾಗಿ ಅವರು ತಲೆ ಬೋಳಿಸಿಕೊಂಡರು. ವಾರಾಣಸಿಯಲ್ಲಿ ಚಿತ್ರೀಕರಣವೇ ನಿಂತುಹೋಯಿತು. ಮುಂದೆ ಆ ಚಿತ್ರ ಶ್ರೀಲಂಕಾದಲ್ಲಿ ಬೇರೆ ಕಲಾವಿದರೊಂದಿಗೆ ಪೂರ್ಣಗೊಂಡಿತು. ಚಿತ್ರಕಥೆ ಉಳಿಯಿತು, ನಿರ್ದೇಶಕಿಯ ಹೆಸರು ಉಳಿಯಿತು. ಆದರೆ ಪಾತ್ರಕ್ಕಾಗಿ ನಟಿ ಮಾಡಿಕೊಂಡ ಸಿದ್ಧತೆಗೆ ಯಾವ ಪಠ್ಯವೂ ಉಳಿಯಲಿಲ್ಲ. ವಿಧವೆಯ ಬೋಳುತಲೆಯ ಪ್ರಶ್ನೆಯನ್ನು ಎಂ. ಕೆ. ಇಂದಿರಾ ಅವರ ಕಾದಂಬರಿ ಹಾಗೂ ಪ್ರೇಮಾ ಕಾರಂತರ 'ಫಣಿಯಮ್ಮ' (1983) ಚಿತ್ರದ ಮೂಲಕ ಚರ್ಚಿಸಿರುವ ಕನ್ನಡ ಓದುಗರಿಗೆ ಈ ನಷ್ಟದ ಅರ್ಥ ತಿಳಿಯದ್ದೇನಲ್ಲ. ಚಿತ್ರವೊಂದು ಯಾರ ಅಪ್ಪಣೆಯಿಂದ ತಯಾರಾಗುತ್ತದೆ, ಯಾರ ಬೆದರಿಕೆಯಿಂದ ನಿಲ್ಲುತ್ತದೆ ಎಂಬುದನ್ನು ನಂದಿತಾ ದಾಸ್ ನಟಿಯಾಗಿಯೇ ಅರಿತಿದ್ದರು.

ಅವರ ಮೊದಲ ನಿರ್ದೇಶನದ 'ಫಿರಾಕ್' (2008) ಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2002ರ ಗುಜರಾತ್ ಹಿಂಸಾಚಾರದ ಒಂದು ತಿಂಗಳ ನಂತರದ, ಒಂದು ದಿನದ ಅವಧಿಯ ಕಥನವಿದು. ಇಲ್ಲಿ ಕೊಲೆಗಳ ದೃಶ್ಯವೈಭವವಿಲ್ಲ. ಹಿಂಸೆಯು ಮನುಷ್ಯರ ಮೈಯಲ್ಲಿ ಉಳಿಸಿದ ಗುರುತುಗಳಿವೆ. ಆಶ್ರಯ ಬೇಡಿ ಬಂದ ಹೆಂಗಸಿಗೆ ಬಾಗಿಲು ತೆರೆಯದ ಆರತಿ (ದೀಪ್ತಿ ನವಲ್) ಕಾದ ಎಣ್ಣೆಯಿಂದ ತನ್ನ ಕೈಯನ್ನು ಸುಟ್ಟುಕೊಳ್ಳುತ್ತಾಳೆ. ಅಪರಾಧಪ್ರಜ್ಞೆ ಮಾತಾಗದೆ ಕ್ರಿಯೆಯಾಗುವ ಈ ಕ್ರಮ ನಟನೆಯ ತಿಳಿವಳಿಕೆಯಿಂದ ಹುಟ್ಟಿದ್ದು ಎನ್ನಬಹುದು. ತಂದೆಯನ್ನು ಹುಡುಕುವ ಮೊಹಸಿನ್ ಎಂಬ ಹುಡುಗನ ನೋಟ ಕ್ಯಾತನನ್ನು ನೆನಪಿಸುತ್ತದೆ. ಇದನ್ನು ಪ್ರಭಾವವೆಂದು ಹೇಳಲು ಆಧಾರವಿಲ್ಲವಾದರೂ ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಲು ಅವಕಾಶವಿದೆ.

ಎರಡನೆಯ ಚಿತ್ರ 'ಮಂಟೋ' ಬಂದದ್ದು ಹತ್ತು ವರ್ಷಗಳ ನಂತರ, 2018ರಲ್ಲಿ. ಬೊಂಬಾಯಿ ಮತ್ತು ಲಾಹೋರ್‌ಗಳ ನಡುವೆ ಹರಿದುಹೋದ ಉರ್ದು ಲೇಖಕನ ಬದುಕಿನೊಳಕ್ಕೆ ಅವನ ಕಥೆಗಳೂ ಹೆಣೆದುಕೊಳ್ಳುವ ಈ ಚಿತ್ರ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಮೂರನೆಯದು 'ಜ್ವಿಗಾಟೊ'. 2022ರಲ್ಲಿ ಟೊರಾಂಟೊ ಉತ್ಸವದಲ್ಲಿ ತೋರಿಸಲಾದ ಇದು 2023ರಲ್ಲಿ ಭಾರತದಲ್ಲಿ ತೆರೆಕಂಡಿತು. ಕಾರ್ಖಾನೆಯ ಕೆಲಸ ಕಳೆದುಕೊಂಡು ಭುವನೇಶ್ವರದ ಬೀದಿಗಳಲ್ಲಿ ಊಟದ ಪೊಟ್ಟಣ ತಲುಪಿಸುವವನ ಕಥೆಯಷ್ಟೇ ಅಲ್ಲ, ದುಡಿಯಲು ಹೊರಡುವ ಅವನ ಹೆಂಡತಿ ಪ್ರತಿಮಾಳ ಕಥೆಯೂ ಅಲ್ಲಿದೆ. ಕೋಮುಹಿಂಸೆ, ಲೇಖಕನ ಅಭಿವ್ಯಕ್ತಿ ಸ್ವಾತಂತ್ರ್ಯ, ಮೊಬೈಲ್ ಆ್ಯಪ್‌ಗಳ ಕಾಲದ ದುಡಿಮೆ: ಮೂರು ವಸ್ತುಗಳೂ ಬೇರೆ. ಆದರೆ ಅಧಿಕಾರವು ಸಾಮಾನ್ಯರ ದಿನಚರಿಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ಶೋಧ ಒಂದೇ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಕಂಪನಿಗಳ ಬಂಡವಾಳವಿದ್ದ ಈ ಚಿತ್ರಗಳನ್ನು 'ಸ್ವತಂತ್ರ' ಎನ್ನಬಹುದೇ ಎಂಬುದು ಮೊದಲನೆಯದು. 'ಮಂಟೋ' ನಿರ್ಮಾಣದಲ್ಲಿ ವಯಾಕಾಮ್18, 'ಜ್ವಿಗಾಟೊ' ನಿರ್ಮಾಣದಲ್ಲಿ ಅಪ್ಲಾಸ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಗಳು ಪಾಲ್ಗೊಂಡಿದ್ದವು ಎಂಬುದು ನಿಜ. ಆದರೆ ಸ್ವಾತಂತ್ರ್ಯವನ್ನು ಹಣದ ಮೂಲದಿಂದಷ್ಟೇ ಅಳೆಯಲಾಗದು. ವಸ್ತು, ಭಾಷೆ, ಲಯಗಳ ಬಗ್ಗೆ ಕೊನೆಯ ತೀರ್ಮಾನ ಯಾರದು ಎಂಬುದೂ ಅಷ್ಟೇ ಮುಖ್ಯ. ಹೆಸರುವಾಸಿ ನಟಿಗೆ ದಾರಿ ಸಲೀಸು ಎಂಬುದು ಎರಡನೆಯ ಆಕ್ಷೇಪ. ನಸೀರುದ್ದೀನ್ ಶಾ, ನವಾಜುದ್ದೀನ್ ಸಿದ್ದಿಕಿ ಅವರಂಥ ಕಲಾವಿದರು ದೊರೆತದ್ದರಲ್ಲಿ ಆ ಹೆಸರಿನ ಪಾಲಿರುವುದನ್ನು ಅಲ್ಲಗಳೆಯುವಂತಿಲ್ಲ. ಹಾಗಿದ್ದೂ ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ನಡುವೆ ಹತ್ತು ವರ್ಷಗಳ ಅಂತರ ಬಿದ್ದಿದೆ. ಪರಿಚಿತ ಹೆಸರಿನ ಬಲವಿದ್ದವರ ಪಾಡೇ ಹೀಗಾದರೆ ಅದಿಲ್ಲದ ಹೆಣ್ಣುಮಕ್ಕಳು ಕೈಬಿಟ್ಟ ಚಿತ್ರಕಥೆಗಳ ಲೆಕ್ಕ ಯಾವ ಚರಿತ್ರೆಯಲ್ಲಿ ಸಿಗುತ್ತದೆ?

ಈ ಪ್ರಶ್ನೆ ಕನ್ನಡ ವಿಭಾಗಗಳನ್ನೂ ತಟ್ಟಬೇಕಾದದ್ದು. ನಟಿ ಎಂ. ವಿ. ರಾಜಮ್ಮ 1943ರಲ್ಲೇ 'ರಾಧಾ ರಮಣ' ಚಿತ್ರದ ನಿರ್ಮಾಪಕಿಯಾದರು. ನಟಿ ಲಕ್ಷ್ಮಿ 1980ರಲ್ಲಿ 'ಮಕ್ಕಳ ಸೈನ್ಯ'ವನ್ನು ನಿರ್ದೇಶಿಸಿದರು. ಇಂಥ ಹೆಸರುಗಳು 'ಮೊದಲಿಗರು' ಎಂಬ ಪಟ್ಟಿಗಳಲ್ಲಿ ಬಂದುಹೋಗುತ್ತವೆಯೇ ಹೊರತು ಅವರ ತೀರ್ಮಾನಗಳು ಸಂಶೋಧನೆಯ ವಸ್ತುವಾಗುವುದು ಅಪರೂಪ. ಚಿತ್ರಕಥೆಯ ಹಸ್ತಪ್ರತಿ, ಕರಾರುಪತ್ರ, ಸ್ಥಿರಚಿತ್ರ, ನಟಿಯರ ಮೌಖಿಕ ನಿರೂಪಣೆ ಇವೆಲ್ಲ ಆಕರಗಳೇ. ತಾಳೆಗರಿಯ ಪಾಠಾಂತರಗಳನ್ನು ಅಷ್ಟು ಶ್ರದ್ಧೆಯಿಂದ ಗುರುತಿಸಿದ ಪರಂಪರೆಗೆ ಈ ಆಕರಗಳ ಸಂಗ್ರಹ ಹೊರಗಿನ ಕೆಲಸವಾಗಬಾರದು. ಹಿರಿಯ ಕಲಾವಿದೆಯರು ಒಬ್ಬೊಬ್ಬರಾಗಿ ಅಗಲುತ್ತಿರುವಾಗ ಇದನ್ನು ಮುಂದೂಡುವಷ್ಟು ಕಾಲಾವಕಾಶವೂ ಇಲ್ಲ.