‘ಲೈಲು ಬಂತು’ ಅಂದಾಗ ನಗಬೇಡಿ

ತಪ್ಪು ನನ್ನದೇ. ಅಕ್ಕನ ಮಗ ಪುಟ್ಟನಿಗೆ ಆಗ ಐದೂವರೆ ವರ್ಷ. ಅವನ ಬಾಯಲ್ಲಿ ರೈಲು ‘ಲೈಲು’, ರಾಗಿ ಮುದ್ದೆ ‘ಲಾಗಿ ಮುದ್ದೆ’. ಒಂದು ಭಾನುವಾರ "ಇನ್ನೊಂದ್ಸಲ ಹೇಳೋ" ಅಂತ ಹೇಳಿಸಿ, ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ನಗುವ ಇಮೋಜಿಗಳ ಸುರಿಮಳೆ. ಪುಟ್ಟನೂ ನೋಡಿದ. ಅವನು ನಗಲಿಲ್ಲ.

ಆಮೇಲೆ ಗಮನಿಸಿದ್ದು ಅಕ್ಕ. ರಸ್ಕ್ ಬೇಕಾದ್ರೆ ಡಬ್ಬಿ ಕಡೆ ಬೆರಳು ತೋರಿಸಿ ‘ಅದು’ ಅಂತಾನೆ. ಮರಕ್ಕೆ ‘ಗಿಡ’ ಅಂತಾನೆ. ‘ರ’ ಇರುವ ಪದಗಳನ್ನೇ ಬಿಟ್ಟು ಮಾತಾಡೋದು ಕಲಿತುಬಿಟ್ಟಿದ್ದ! ನಾನು ವಿಡಿಯೋ ಡಿಲೀಟ್ ಮಾಡಿ ಅವನಿಗೆ ಸಾರಿ ಹೇಳಿದೆ. ಅಮ್ಮ ಬಜೆ ತೇಯ್ದು ನಾಲಿಗೆಗೆ ಹಚ್ಚೋಣ ಅಂದ್ರು. ಅಕ್ಕ ಸ್ಪೀಚ್ ಥೆರಪಿಸ್ಟ್ ಹತ್ರ ಕರ್ಕೊಂಡು ಹೋದಳು. ನಾನೂ ಜೊತೆಗೆ ಹೋದೆ.

ಅವರು ಮೊದಲು ಮಾಡಿಸಿದ್ದು ಕಿವಿ ಪರೀಕ್ಷೆ. ಸರಿಯಾಗಿ ಕೇಳಿಸದ ಧ್ವನಿಯನ್ನು ಮಗು ಹೇಳೋದಾದ್ರೂ ಹೇಗೆ? ಕಿವಿ ಚೆನ್ನಾಗಿತ್ತು. "‘ರ’ ತಡವಾಗಿ ಬರೋ ಧ್ವನಿ, ಗಾಬರಿ ಬೇಡ. ಆದ್ರೆ ಮಗು ಮಾತನ್ನೇ ತಪ್ಪಿಸ್ತಿದೆ ಅಂದ್ರೆ ಕಾಯೋದೂ ಬೇಡ" ಅಂದ್ರು.

ಮೊದಲ ಪಾಠ ಬಾಯಿಗಲ್ಲ, ಕಿವಿಗೆ. ನಾನು ಬೇಕಂತಲೇ "ಲಾಗಿ ಮುದ್ದೆ" ಅನ್ನಬೇಕು, ಅವನು ತಪ್ಪು ಹಿಡೀಬೇಕು. "ತಪ್ಪು ಮಾಮ!" ಅಂತ ಕುರ್ಚಿ ಮೇಲೆ ಕುಣಿದ. ಎಷ್ಟೋ ದಿನದ ಮೇಲೆ ನಗೋ ಸರದಿ ಅವನದ್ದಾಗಿತ್ತು.

ಆಮೇಲೆ ಕನ್ನಡಿ ಮುಂದೆ ನಾಲಿಗೆಯ ಕೆಲಸ. ‘ಲ’ ಅಂದಾಗ ನಾಲಿಗೆ ತುದಿ ಮೇಲಿನ ಹಲ್ಲುಗಳ ಹಿಂದೆ ಅಂಟಿ ನಿಲ್ಲುತ್ತೆ, ಉಸಿರು ಪಕ್ಕದಿಂದ ಹೋಗುತ್ತೆ. ‘ರ’ಕ್ಕೆ ತುದಿ ತಟ್ಟಿ ತಕ್ಷಣ ಬಿಡಬೇಕು. ನೀವೇ ಒಮ್ಮೆ ನಿಧಾನವಾಗಿ ಹೇಳಿ ನೋಡಿ, ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತೆ. ಬಾಯಿಗೆ ಆಗಲೇ ಬರುವ ‘ದ ದ ದ’ವನ್ನು ಬೇಗ ಬೇಗ ಹೇಳಿಸುತ್ತಾ, ತುದಿಯನ್ನು ಸ್ವಲ್ಪ ಮೇಲಕ್ಕೆ ತರಿಸಿದರು. ಒಂದು ಧ್ವನಿ ಸಿಕ್ಕಮೇಲೆ ‘ಅರಾ’, ‘ಇರಿ’. ಆಮೇಲೆ ಮರ, ಕರಡಿ. ಆಮೇಲೆ ರಾಗಿ, ರೈಲು. ಚಕ್ರದಂಥ ಒತ್ತಕ್ಷರ ಇನ್ನೂ ಕಷ್ಟ. ನಂತರ ವಾಕ್ಯ, ಕೊನೆಗೆ ಮಾತುಕತೆ. ಅಲ್ಲಿ ಚೆಂದವಾಗಿ ‘ರೈಲು’ ಅಂದವನು ಮನೆಗೆ ಬಂದು ‘ಲೈಲು’ ಅಂದ. ಟೆಸ್ಟಿಂಗ್‌ನಲ್ಲಿ ಪಾಸಾದ ಕೋಡ್ ಪ್ರೊಡಕ್ಷನ್‌ನಲ್ಲಿ ಬಿದ್ದ ಹಾಗೆ. ಅದು ಸಹಜವಂತೆ.

ಮನೆಯವರಿಗೆ ಎರಡೇ ನಿಯಮ. ದಿನಕ್ಕೆ ಐದ್ಹತ್ತು ನಿಮಿಷ ಆಟದಂತೆ ಅಭ್ಯಾಸ. ಉಳಿದ ಹೊತ್ತು "ಸರಿಯಾಗಿ ಹೇಳು" ಅನ್ನಬಾರದು. ಅವನು "ಲೈಲು ಬಂತು" ಅಂದ್ರೆ "ಹೌದಲ್ಲ, ರೈಲು ಬಂತು! ಎಲ್ಲಿಗೆ ಹೋಗೋ ರೈಲು?" ಅಂತ ಮಾತು ಮುಂದುವರಿಸಬೇಕು. ಸರಿಯಾದ ಪದ ಕಿವಿಗೆ ಬೀಳುತ್ತೆ, ಅವಮಾನ ಆಗಲ್ಲ.

ನಿಮ್ಮನೇಲಿ ಇಂಥ ಮಗು ಇದ್ದರೆ ಯಾರನ್ನು ಕೇಳೋದು ಅಂತ ಒದ್ದಾಡಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಮತ್ತು ಕಿವಿಯ ಪರೀಕ್ಷೆ, ತರಬೇತಿ ಎರಡೂ ಅಲ್ಲಿ ಸಿಗುತ್ತೆ.

ಈಗ ನಾಲ್ಕು ತಿಂಗಳಾಯ್ತು. ನಿಧಾನವಾಗಿ ಹೇಳಿದರೆ ‘ರ’ ಬರುತ್ತೆ, ಆಡ್ತಾ ಓಡ್ತಾ ಇದ್ದಾಗ ಜಾರುತ್ತೆ. ಮೊನ್ನೆ ಫೋನಲ್ಲಿ "ಮಾಮ, ಬೇಗ ಬಾ, ಲಸ್ಕ್ ತಗೊಂಡು ಬಾ" ಅಂದ. ‘ರ’ ತಪ್ಪಿತ್ತು. ಆದ್ರೆ ಪದ ಬಿಟ್ಟಿರಲಿಲ್ಲ.

"ರಸ್ಕ್ ತಾನೇ? ಎಷ್ಟು ಪ್ಯಾಕೆಟ್ ತರಲಿ?" ಅಂದೆ.