ಜಗಲಿಯ ಮಾತು: ಕಬಡ್ಡಿಗಾಗಿ ಕರೆದ ಕಾಲೇಜು

ಹೊಳೆನರಸೀಪುರದ ಸೀಮೆಯ ಗೃಹಸ್ಥರೊಬ್ಬರು ಈ ತಿಂಗಳು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿದ್ದಾರೆ. ಅವರ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿರುವಳು; ಶಾಲೆಯ ಕಬಡ್ಡಿ ತಂಡದಲ್ಲಿ ಎಡಮೂಲೆಯ ಆಟಗಾರ್ತಿ. ತಂಡವು ತಾಲ್ಲೂಕಿನಲ್ಲಿ ಗೆದ್ದು, ಹಾಸನದ ಜಿಲ್ಲಾ ಪಂದ್ಯದಲ್ಲಿಯೂ ಗೆದ್ದು, ಮೈಸೂರು ವಿಭಾಗದ ಪಂದ್ಯದಲ್ಲಿ ಸೋತಿತಂತೆ. ಸೋತ ದಿನವೇ ಅಂಗಣದ ಬದಿಯಲ್ಲಿ ನಿಂತಿದ್ದ ತರಬೇತುದಾರರೊಬ್ಬರು ಹುಡುಗಿಯ ಹೆಸರನ್ನೂ ತಂದೆಯ ದೂರವಾಣಿ ಸಂಖ್ಯೆಯನ್ನೂ ಬರೆದುಕೊಂಡು ಹೋದರು. ವಾರ ಕಳೆಯುವುದರೊಳಗೆ ಘಟ್ಟದ ಕೆಳಗಿನ ಕಾಲೇಜೊಂದರಿಂದ ಕರೆ ಬಂದಿತು. ಪಿ.ಯು.ಸಿ. ಎರಡು ವರ್ಷವೂ ಶುಲ್ಕವಿಲ್ಲ, ಊಟಕ್ಕೂ ವಸತಿಗೂ ಖರ್ಚಿಲ್ಲ, ಮ್ಯಾಟಿನ ಮೇಲೆ ಅಭ್ಯಾಸ; ಹುಡುಗಿಯನ್ನು ಕಳುಹಿಸಿಕೊಡಿ. “ಮನೆಯಲ್ಲಿ ಎರಡು ಪಕ್ಷವಾಗಿದೆ. ನನ್ನ ತಾಯಿಯವರು ರಾತ್ರಿಯ ಊಟವನ್ನೇ ಬಿಟ್ಟು ಕುಳಿತಿದ್ದಾರೆ. ತಾವು ಏನು ಹೇಳುವಿರಿ?” ಎಂಬುದು ಕಾಗದದ ಕೊನೆಯ ಸಾಲು.

ಇಂಥ ಕಾಗದ ಇದೇ ಮೊದಲನೆಯದಲ್ಲ. ಅರಕಲಗೂಡಿನಿಂದಲೂ ಚನ್ನರಾಯಪಟ್ಟಣದಿಂದಲೂ ಇದೇ ಬಗೆಯ ಪ್ರಶ್ನೆಗಳು ಬಂದಿರುವುವು. ಆದುದರಿಂದ ಒಬ್ಬರಿಗೆ ಬರೆಯಬೇಕಾದುದನ್ನು ಎಲ್ಲರಿಗೂ ಬರೆಯುತ್ತೇನೆ. ವಾಚಕರು ಸ್ವಲ್ಪ ಸಾವಧಾನದಿಂದ ಓದಬೇಕು.

ಮೊದಲು ಅಜ್ಜಿಯವರ ಸಲುವಾಗಿ ಎರಡು ಮಾತು. ಹೆಣ್ಣುಮಗಳು ಮಣ್ಣಿನಲ್ಲಿ ಬಿದ್ದು ಎದ್ದು ಜಗಳವಾಡುವಳೆಂದು ಅವರು ತಿಳಿದಿರಬಹುದು. ಕಬಡ್ಡಿಯು ಜಗಳವಲ್ಲ, ಜಗಳಕ್ಕೆ ಕಟ್ಟು ಹಾಕಿದ ಆಟ. ತಮಿಳುನಾಡಿನವರು ಇದನ್ನೇ ಚಡುಗುಡು ಎನ್ನುವರು, ಮಹಾರಾಷ್ಟ್ರದವರು ಹುತುತು ಎನ್ನುವರು. ಹೆಂಗಸರ ಅಂಗಣವು 12 ಮೀಟರು ಉದ್ದ, 8 ಮೀಟರು ಅಗಲ. ನಡುವೆ ಒಂದು ಗೆರೆ. ಒಂದೊಂದು ಪಕ್ಷದಲ್ಲಿ 7 ಜನ. ದಾಳಿಗೆ ಹೋದವಳು “ಕಬಡ್ಡಿ, ಕಬಡ್ಡಿ” ಎಂದು ಎಲ್ಲರಿಗೂ ಕೇಳುವಂತೆ ಬಿಡದೆ ನುಡಿಯುತ್ತ, 30 ಸೆಕೆಂಡಿನೊಳಗೆ ಎದುರಾಳಿಯನ್ನು ಮುಟ್ಟಿ ತನ್ನ ಮನೆಗೆ ಹಿಂದಿರುಗಬೇಕು. ಎದುರಿನವರು ಅವಳನ್ನು ತಡೆದು ಹಿಡಿಯಬೇಕು. ಇಡೀ ಪಕ್ಷವೇ ಔಟಾದರೆ ಎದುರಿಗೆ ‘ಲೋನಾ’ ಎಂದು 2 ಅಂಕ ಹೆಚ್ಚಾಗಿ ಸಲ್ಲುವುದು. ಹೆಂಗಸರಿಗೆ 15 ನಿಮಿಷದ ಎರಡು ಅವಧಿಗಳು, ನಡುವೆ 5 ನಿಮಿಷದ ವಿರಾಮ. ಆಟದ ಸ್ಥೂಲರೂಪ ಇಷ್ಟೆ.

ಆದರೆ ತಂದೆತಾಯಂದಿರು ಮುಖ್ಯವಾಗಿ ತಿಳಿಯತಕ್ಕದ್ದು ಅಂಕಗಳ ಲೆಕ್ಕವನ್ನಲ್ಲ, ನಿಷೇಧಗಳನ್ನು. ದಾಳಿಗಾರ್ತಿಯ ಬಾಯಿಯನ್ನು ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ. ಕೂದಲನ್ನಾಗಲಿ ಬಟ್ಟೆಯನ್ನಾಗಲಿ ಹಿಡಿದೆಳೆಯುವಂತಿಲ್ಲ; ಕೈಕಾಲು ಮತ್ತು ನಡುಮೈ ಇಷ್ಟನ್ನೇ ಹಿಡಿಯಬೇಕು. ಎರಡು ಕಾಲುಗಳನ್ನು ಕತ್ತರಿಯಂತೆ ಹೆಣೆದು ಕೆಡವುವಂತಿಲ್ಲ. ಬೇಕೆಂದು ಗೆರೆಯಿಂದಾಚೆಗೆ ನೂಕುವಂತಿಲ್ಲ. ಮೈಗೆ ಎಣ್ಣೆ ಹಚ್ಚಿ ಬರಬಾರದು, ಉಗುರು ಕತ್ತರಿಸಿರಬೇಕು, ಒಡವೆ ಯಾವುದೂ ಮೈಮೇಲೆ ಇರಬಾರದು. ತಪ್ಪಿದವಳಿಗೆ ಹಸುರು ಚೀಟಿಯಿಂದ ಎಚ್ಚರಿಕೆ, ಹಳದಿಯಿಂದ 2 ನಿಮಿಷ ಹೊರಗೆ, ಕೆಂಪಿನಿಂದ ಆ ಪಂದ್ಯದಿಂದಲೇ ಹೊರಗೆ. ಅಜ್ಜಿಯವರಿಗೆ ಮೊಮ್ಮಗಳ ಬರಿಗೈ ಕಂಡು ಸಂಕಟವಾಗಿದೆಯೆಂದು ಕಾಗದದಲ್ಲಿದೆ. ಬಳೆ ತೆಗೆಸಿದುದು ಶಾಲೆಯವರ ಉದ್ಧಟತನವಲ್ಲ. ಒಡೆದ ಬಳೆಯ ಚೂರು ಮತ್ತೊಬ್ಬಳ ಕಣ್ಣಿಗೆ ಹೋಗದಿರಲೆಂದು ಮಾಡಿದ ಕಟ್ಟಳೆ. ಪಂದ್ಯ ಮುಗಿದೊಡನೆ ತೊಟ್ಟುಕೊಳ್ಳಲಿ.

ಇನ್ನು ‘ಇದರಿಂದ ಏನು ಪ್ರಯೋಜನ’ ಎಂಬ ಪ್ರಶ್ನೆ. ಏಷ್ಯಾದ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿ 1990ರಲ್ಲಿ ಬೀಜಿಂಗಿನಲ್ಲಿಯೂ ಹೆಂಗಸರ ಕಬಡ್ಡಿ 2010ರಲ್ಲಿ ಗುವಾಂಗ್‌ಝೌನಲ್ಲಿಯೂ ಮೊದಲಾಯಿತು. 2010ರಲ್ಲಿಯೂ 2014ರಲ್ಲಿಯೂ ಚಿನ್ನ ಗೆದ್ದ ಭಾರತದ ತಂಡಗಳಲ್ಲಿ ನಮ್ಮ ನಾಡಿನ ತೇಜಸ್ವಿನಿ ಬಾಯಿಯವರೂ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರೂ ಇದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಸಂದಿದೆ. 2018ರಲ್ಲಿ ಇರಾನಿನವರಿಗೆ ಸೋತು ತಲೆ ತಗ್ಗಿಸಿದ್ದೂ ಉಂಟು, 2023ರಲ್ಲಿ ಹಾಂಗ್‌ಝೌನಲ್ಲಿ ಚಿನ್ನವನ್ನು ಮರಳಿ ತಂದದ್ದೂ ಉಂಟು. ಆದರೆ ನೂರು ಹುಡುಗಿಯರಲ್ಲಿ ಒಬ್ಬಳಾದರೂ ಅಲ್ಲಿಯವರೆಗೆ ಹೋಗುವಳೆಂದು ನಾನು ಆಸೆ ಹುಟ್ಟಿಸಲಾರೆನು. ನಮ್ಮಂಥ ಮನೆಗಳಿಗೆ ಪ್ರಯೋಜನವು ಅದಕ್ಕಿಂತ ಸಮೀಪದಲ್ಲಿದೆ: ಖರ್ಚಿಲ್ಲದೆ ಎರಡು ವರ್ಷದ ಓದು, ಅದಾದ ಮೇಲೆ ಪದವಿ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ಆಟಗಾರರನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವ ಪದ್ಧತಿಯಿಂದ ನಾಡಿಗೆಲ್ಲ ಹೆಸರಾಗಿದೆ. ಅದನ್ನು ನೋಡಿ ಬೇರೆಯವರೂ ಅದೇ ದಾರಿ ಹಿಡಿದಿರುವರು. ಸರಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾನಿಲಯಗಳೂ ಉಂಟು. ಆಯ್ಕೆಯ ಪ್ರಕಟಣೆ ಬಂದಾಗ ಹಾಸನದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ವೃತ್ತಿಶಿಕ್ಷಣದ ಪ್ರವೇಶದಲ್ಲಿಯೂ ಕ್ರೀಡಾ ಕೋಟಾ ಇದೆ, ಆದರೆ ತಾಲ್ಲೂಕಿನ ಪ್ರಶಸ್ತಿಪತ್ರವನ್ನು ಚೌಕಟ್ಟು ಹಾಕಿಸಿ ಅದರ ಭರವಸೆಯ ಮೇಲೆ ಕೂರಬೇಡಿರಿ. ಅಲ್ಲಿ ಕೇಳುವುದು ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದ ದಾಖಲೆಯನ್ನು.

ಈಗ ನನ್ನ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಿಕೊಳ್ಳುವುದಕ್ಕೆ ಸಂತೋಷವಾದ ವಿಷಯವಲ್ಲ.

ನನ್ನ ತಂಗಿಯನ್ನು ಚನ್ನರಾಯಪಟ್ಟಣದ ಬಳಿಯ ಹಳ್ಳಿಗೆ ಕೊಟ್ಟಿದೆ. ಅವಳ ಮಗನು ಒಳ್ಳೆಯ ದಾಳಿಗಾರ. ಸುಗ್ಗಿ ಮುಗಿದ ಮೇಲೆ ನಡೆಯುವ ಹೊನಲು ಬೆಳಕಿನ ಪಂದ್ಯಗಳಲ್ಲಿ ಅವನ ಹೆಸರು ಹಿಡಿದು ಕೂಗುವವರಿದ್ದರು. ಘಟ್ಟದ ಮೇಲಿನದೇ ಒಂದು ಕಾಲೇಜಿನವರು ಬಂದು, ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, ಎಲ್ಲವೂ ಉಚಿತವೆಂದು ಹೇಳಿ ಕರೆದುಕೊಂಡು ಹೋದರು. ಮೊದಲನೆಯ ವರ್ಷ ಸುಖವಾಗಿ ಕಳೆಯಿತು. ಎರಡನೆಯ ವರ್ಷ ದೀಪಾವಳಿಯಾದ ಮೇಲೆ ಒಂದು ಅಭ್ಯಾಸದಲ್ಲಿ ಹಿಡಿತದಿಂದ ಬಿಡಿಸಿಕೊಳ್ಳುವಾಗ ಊರಿದ ಕಾಲು ಊರಿದಂತೆಯೇ ನಿಂತು ಮೈ ಮಾತ್ರ ತಿರುಗಿತು. ಮೊಣಕಾಲಿನ ಒಳಗೆ ‘ಟಕ್’ ಎಂದಿತಂತೆ. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ಕಟ್ಟಾಗಿರುವ ನಾರು ಹರಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಮತ್ತೆ ಅಂಗಣಕ್ಕಿಳಿಯಲು ಒಂಬತ್ತು ತಿಂಗಳಾದರೂ ಬೇಕೆಂದು ವೈದ್ಯರು ಹೇಳಿದರು. ಮರುವಾರ ಕಾಲೇಜಿನಿಂದ ತಂಗಿಗೆ ಕರೆ: “ಹುಡುಗನನ್ನು ಕರೆದುಕೊಂಡು ಹೋಗಿ, ಹಾಸಿಗೆ ಬೇರೆಯವರಿಗೆ ಬೇಕಾಗಿದೆ.” ಆಟವಾಡದವನಿಗೆ ರಿಯಾಯಿತಿ ಇಲ್ಲವೆಂದು ಉಳಿದ ಶುಲ್ಕವನ್ನು ಕೇಳಿದರು, ಕಟ್ಟುವವರೆಗೆ ವರ್ಗಾವಣೆ ಪತ್ರ ದೊರೆಯಲಿಲ್ಲ. ತಂಗಿಯ ಗಂಡ ತೆಂಗಿನ ತೋಟದ ಮುಂದಿನ ಫಸಲನ್ನೇ ಗುತ್ತಿಗೆಗೆ ಬರೆದುಕೊಟ್ಟು ಎರಡು ಖರ್ಚನ್ನೂ ತೀರಿಸಿದರು. ಹುಡುಗನು ಮರುವರ್ಷ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಈಗ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವನು. ಮೆಟ್ಟಿಲು ಇಳಿಯುವಾಗ ಇಂದಿಗೂ ಗೋಡೆ ಹಿಡಿಯುವನು.

ಆ ಕಾಲೇಜನ್ನು ನಾನು ಬಹಳ ದಿನ ಬಯ್ದೆನು. ಆಮೇಲೆ ಯೋಚಿಸಿದರೆ, ಅವರು ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ಕುಳಿತಿದ್ದವರಲ್ಲಿ ನಾನೂ ಒಬ್ಬನು. ‘ಎಷ್ಟು ಹೊತ್ತು ಅಭ್ಯಾಸ’ ಎಂದು ಕೇಳಿದೆನು, ‘ಊಟಕ್ಕೆ ಮೊಟ್ಟೆ ಕೊಡುವಿರಾ’ ಎಂದು ಕೇಳಿದೆನು. ‘ಕಾಲು ಮುರಿದರೆ ಏನು’ ಎಂದು ಕೇಳಲು ಅಪಶಕುನವೆಂದು ನಾಲಗೆ ಬರಲಿಲ್ಲ.

ಆದುದರಿಂದ ಹೊಳೆನರಸೀಪುರದ ಮಹಾಶಯರೆ, ತಾವು ಆ ಅಪಶಕುನದ ಪ್ರಶ್ನೆಯನ್ನೇ ಮೊದಲು ಕೇಳತಕ್ಕದ್ದು. ಮಗಳು ಆಡಲಾರದ ದಿನ ಅವಳ ಓದು, ಊಟ, ಹಾಸಿಗೆ ಮುಂದುವರಿಯುವುವೋ ಇಲ್ಲವೋ? ಚಿಕಿತ್ಸೆಯ ಖರ್ಚು ಯಾರದು, ವಿಮೆ ಉಂಟೆ? ನಡುವೆ ಬಿಟ್ಟು ಬಂದರೆ ಹಣ ಕೇಳುವರೆ? ಉತ್ತರವನ್ನು ತರಬೇತುದಾರರ ಬಾಯಿಂದ ಕೇಳಿ ತೃಪ್ತರಾಗಬೇಡಿರಿ; ಅವರು ಸಜ್ಜನರೇ ಇರಬಹುದು, ಆದರೆ ಮುಂದಿನ ವರ್ಷ ಬೇರೆ ಕಾಲೇಜಿನಲ್ಲಿರಬಹುದು. ಪ್ರಾಂಶುಪಾಲರ ಸಹಿಯೂ ಮೊಹರೂ ಉಳ್ಳ ಕಾಗದದಲ್ಲಿ ಬರೆಯಿಸಿಕೊಳ್ಳಿರಿ. ಒಳ್ಳೆಯ ಸಂಸ್ಥೆಯವರು ಇದರಿಂದ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ತಮಗೆ ಉತ್ತರ ದೊರೆತಂತೆಯೇ.

ಅಭ್ಯಾಸದ ವಿಚಾರದಲ್ಲಿಯೂ ಕಣ್ಣಿಡಬೇಕಾದುದು ಇದೆ. ನಮ್ಮ ಹುಡುಗಿಯರು ಮಳೆಗಾಲದ ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ಆಡಿ ಕಲಿತವರು. ಮಣ್ಣಿನಲ್ಲಿ ಕಾಲು ಜಾರುವುದು. ಮ್ಯಾಟು ಶೂ ತೊಟ್ಟ ಕಾಲನ್ನು ಕಚ್ಚಿ ಹಿಡಿಯುವುದು. ಅರಕಲಗೂಡಿನ ಶಾಲೆಯ ಬಯಲಿನಿಂದ ನೇರವಾಗಿ ಮ್ಯಾಟಿಗೆ ಇಳಿಸಿದರೆ ಮೊದಲು ಪೆಟ್ಟು ತಿನ್ನುವುದು ಮೊಣಕಾಲು. ಮೈ ತಿರುಗಿಸಿ ಓಡುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ನಾರು ಹರಿಯುವ ಸಂಭವ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ನಿತ್ಯವೂ ಆಟಕ್ಕೆ ಮೊದಲು ಕಾಲು ಗಂಟೆ ನೆಗೆತ, ಬಾಗುವಿಕೆ, ಒಂಟಿಕಾಲಿನ ನಿಲುವು ಮೊದಲಾದವನ್ನು ಮಾಡಿಸಿದರೆ ಆ ಸಂಭವವು ಕಡಿಮೆಯಾಗುವುದೆಂದೂ ತಿಳಿದುಬಂದಿದೆ. ತಮ್ಮ ಮಗಳು ಮೂಲೆಯವಳು. ನುಗ್ಗಿಬರುವವಳ ಹರಡನ್ನು ಹಿಡಿಯಲು ತಲೆತಗ್ಗಿಸಿ ಧುಮುಕುವವಳು. ಅವಳಿಗೆ ಮೊಣಕಾಲಿನಷ್ಟೇ ತಲೆಯ ಭಯವೂ ಉಂಟು. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದರೆ, ವಾಂತಿಯಾದರೆ, ಮಾತು ತೊದಲಿದರೆ, ಆ ದಿನ ಮತ್ತೆ ಅಂಗಣಕ್ಕೆ ಇಳಿಸಕೂಡದು, ಎಷ್ಟೇ ದೊಡ್ಡ ಪಂದ್ಯವಾಗಿರಲಿ, ವೈದ್ಯರಿಗೆ ತೋರಿಸಬೇಕು. ಇದನ್ನು ಮಗಳಿಗೂ ಹೇಳಿಡಿರಿ, ಏಕೆಂದರೆ ಆಟದ ಹುಮ್ಮಸ್ಸಿನಲ್ಲಿ ಬಚ್ಚಿಡುವವಳು ಅವಳೇ.

ಕಿರಿಯರ ಪಂದ್ಯಗಳಲ್ಲಿ ವಯಸ್ಸಿನೊಡನೆ ದೇಹದ ತೂಕಕ್ಕೂ ಮಿತಿ ಉಂಟು. ಎರಡು ಕಿಲೋ ಹೆಚ್ಚಾದ ಮಕ್ಕಳನ್ನು ಎರಡು ದಿನ ಉಪವಾಸ ಕೆಡವಿ, ನೀರನ್ನೂ ಕೊಡದೆ, ಬಿಸಿಲಿನಲ್ಲಿ ಓಡಿಸಿ ತಕ್ಕಡಿಗೆ ಹತ್ತಿಸುವ ಕ್ರಮವನ್ನು ಕೇಳಿದ್ದೇನೆ. ಇದು ಅಭ್ಯಾಸವಲ್ಲ, ಕ್ರೌರ್ಯ. ಬೆಳೆಯುವ ಹುಡುಗಿಗೆ ಮನೆಯಲ್ಲಿ ರಾಗಿಮುದ್ದೆ, ಹುರುಳಿಯ ಬಸ್ಸಾರು, ಸೊಪ್ಪು, ಅವರೆಕಾಳು ಸಿಕ್ಕುತ್ತಿದ್ದುವು. ವಿದ್ಯಾರ್ಥಿನಿಲಯದಲ್ಲಿ ಬರಿಯ ಬಿಳಿಯ ಅನ್ನವೂ ತಿಳಿಸಾರೂ ಆದರೆ ಮೂರು ತಿಂಗಳಲ್ಲಿ ಮುಖ ಬಿಳಿಚಿಕೊಳ್ಳುವುದು. ತಿಂಗಳ ದಿನಗಳಲ್ಲಿ ಹೇಳಿಕೊಳ್ಳಲು ಹೆಂಗಸೊಬ್ಬರು ಅಲ್ಲಿರಬೇಕು. ಮೇಲ್ವಿಚಾರಕಿಯ ಹೆಸರು ಹೇಳಿದರೆ ಸಾಲದು, ಅವರೊಡನೆ ಗೃಹಿಣಿಯೇ ಮಾತನಾಡಿ ಬರಲಿ.

ಓದಿನ ಮಾತನ್ನು ಚಿಕ್ಕದಾಗಿ ಹೇಳುವೆನು. ಪಿ.ಯು.ಸಿ.ಗೆ ಶೇಕಡಾ 75 ಹಾಜರಿ ಬೇಕು. ಪಂದ್ಯಕ್ಕೆ ಹೋದ ದಿನಗಳ ಪಾಠವನ್ನು ಯಾರು, ಯಾವಾಗ ಹೇಳಿಕೊಡುವರೆಂದು ಕೇಳಿರಿ. ಹಿಂದಿನ ವರ್ಷದ ಕಬಡ್ಡಿ ಹುಡುಗಿಯರಲ್ಲಿ ಎಷ್ಟು ಮಂದಿ ತೇರ್ಗಡೆಯಾದರೆಂದು ಕೇಳಿರಿ; ಗೆದ್ದ ಬಟ್ಟಲುಗಳನ್ನು ಅವರು ತಾವಾಗಿಯೇ ತೋರಿಸುವರು.

ಕಳುಹಿಸಬಹುದೆ ಎಂದರೆ, ಉತ್ತರ ಕಾಗದದಲ್ಲಿ ಬಂದು, ಮಗಳಿಗೂ ಮನಸ್ಸಿದ್ದರೆ, ಅವಶ್ಯವಾಗಿ ಕಳುಹಿಸಿರಿ ಎನ್ನುವೆನು. ನನ್ನ ತಂಗಿಯ ಮಗನನ್ನು ಕೇಳಿದೆನು, ಅವನ ಅಭಿಪ್ರಾಯವೂ ಅದೇ. “ಆ ಒಂದು ವರ್ಷವನ್ನು ಯಾರಿಗೂ ಕೊಡಲಾರೆ, ಮಾವ” ಎಂದನು. ಆದರೆ ಪ್ರವೇಶಕ್ಕೆ ಹಣವಿಲ್ಲವೆಂದು ಕಣ್ಣು ಮುಚ್ಚಿ ಹೋಗಬೇಡಿರಿ. ಸುದ್ದಿ ಕೊಡದೆ ಒಂದು ಸಾಮಾನ್ಯ ವಾರದ ದಿನ ಬೆಳಗಿನ ಬಸ್ಸಿಗೆ ಹೊರಟು, ಸಕಲೇಶಪುರದ ಮೇಲೆ ಘಟ್ಟವಿಳಿದು, ಮಧ್ಯಾಹ್ನದ ಊಟವನ್ನು ಆ ನಿಲಯದಲ್ಲಿಯೇ ಮಾಡಿರಿ. ಸಂಜೆಯ ಅಭ್ಯಾಸವನ್ನು ಕೊನೆಯವರೆಗೂ ನೋಡಿರಿ. ಪೆಟ್ಟು ಬಿದ್ದು ಕುಳಿತಿರುವ ಹುಡುಗಿ ಯಾರಾದರೂ ಇದ್ದರೆ ಅವಳ ಪಕ್ಕದಲ್ಲಿ ಕುಳಿತು ಮಾತನಾಡಿಸಿರಿ. ಮತ್ತು ಸಾಧ್ಯವಾದರೆ ತಮ್ಮ ತಾಯಿಯವರನ್ನೂ ಕರೆದುಕೊಂಡು ಹೋಗಿರಿ. ಮೊಮ್ಮಗಳು ಒಬ್ಬಳ ಹರಡು ಹಿಡಿದು ನಿಲ್ಲಿಸುವುದನ್ನು ಅವರು ಇನ್ನೂ ಕಣ್ಣಾರೆ ನೋಡಿಲ್ಲವೆಂದು ತಮ್ಮ ಕಾಗದದಿಂದಲೇ ತೋರುವುದು.